ಒಂದು ಮನೆಗೆ ಒಂದೇ ಡಬ್ಬಿ

ಮಾರ್ಚ್ 30, ಸೋಮವಾರ

ಬರೆಯುವ ಚಟ ನನಗಿಲ್ಲ. ಆಯುಷ್ಯವೆಲ್ಲ ಬಸ್ ಕಂಡಕ್ಟರ್ ಆಗಿದ್ದವನು, ಟಿಕೆಟ್ ಹರಿದದ್ದೇ ನನ್ನ ಬರವಣಿಗೆ. ಆದರೆ ಬೆಳಗಿನಿಂದ ನಾನು ಬೈಯುವುದನ್ನು ಕೇಳಿ ಕೇಳಿ ಅಕ್ಕನಿಗೆ ಸಾಕಾಗಿಹೋಗಿದೆ. "ನನ್ನ ತಲೆ ತಿನ್ಬೇಡ. ಎಲ್ಲಾದ್ರೂ ಬರ್ಕೋ ಹೋಗು," ಅಂದಳು. ಅವಳು ಈಗ ಒಂದೊಂದೇ ಮಾತನ್ನು ತೂಗಿ ಆಡುತ್ತಾಳೆ. ಅಷ್ಟುದ್ದ ಮಾತು ನನ್ನ ಮೇಲೆ ಖರ್ಚು ಮಾಡಿದ್ದಾಳೆಂದರೆ ಕೋಪ ಬಂದಿದೆ ಎಂದೇ ಅರ್ಥ. ಅದಕ್ಕೇ ಬರೆಯುತ್ತಿದ್ದೇನೆ.

ಜನವರಿಯಲ್ಲಿ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸೋತಿತು, ಮಾತು ನಿಧಾನವಾಯಿತು. ಊರ ಮಕ್ಕಳಿಗೆಲ್ಲ ಯೂನಿಫಾರ್ಮ್ ಹೊಲಿದ ಕೈ ಅದು. ಅದನ್ನೂ ಸಹಿಸಿಕೊಂಡೆವು. ಗಂಟಲು ಮಾತ್ರ ಇನ್ನೂ ದಾರಿಗೆ ಬಂದಿಲ್ಲ. ನೀರು, ಟೀ, ಹಾಲು, ತೆಳ್ಳಗಿರುವುದು ಯಾವುದೇ ಆಗಲಿ, ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಸಲ ಹಾಗಾಗಿ ಜ್ವರ ಬಂದು ಹದಿನೈದು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು. ಅಂದಿನಿಂದ ಕುಡಿಯುವುದಕ್ಕೆಲ್ಲ ಒಂದು ಪುಡಿ ಬೆರೆಸಿ ಗಂಜಿಯ ಹಾಗೆ ಮಂದ ಮಾಡಿ ಕೊಡಬೇಕು. ನೀಲಿ ಡಬ್ಬಿ. ಹೆಸರು ನಾಲಿಗೆಗೆ ಹೊರಳುವುದಿಲ್ಲ, ನಾನು ಮಂದಪುಡಿ ಅನ್ನುತ್ತೇನೆ.

ಆಸ್ಪತ್ರೆ ಪಕ್ಕದ ಔಷಧಿ ಅಂಗಡಿಯಲ್ಲಿ ಅದು ಸಿಗುತ್ತಿತ್ತು. ಈಗ ಕೊರೊನಾ ಲಾಕ್‌ಡೌನ್ ಎಂದು ಆ ರಸ್ತೆಗೇ ಅಡ್ಡ ಕಟ್ಟಿದ್ದಾರೆ. ನಮ್ಮ ವಯಸ್ಸಿನವರು ಹೊಸ್ತಿಲು ದಾಟುವ ಹಾಗಿಲ್ಲವಂತೆ. ಉಳಿದದ್ದು ಸೂಪರ್ ಮಾರ್ಕೆಟಿನ ಆ್ಯಪ್ ಒಂದೇ. ಅಲ್ಲಿ ಪುಡಿ ಇದೆ. ಕೆಳಗೆ ಕೆಂಪಕ್ಷರದಲ್ಲಿ ಬರೆದಿದೆ: ಒಂದು ಮನೆಗೆ ವಾರಕ್ಕೆ ಒಂದೇ ಆರ್ಡರ್, ಒಂದು ಆರ್ಡರಿಗೆ ಒಂದೇ ಡಬ್ಬಿ.

ಬೇಕಾದಷ್ಟು ಕುಡಿದರೆ ಆ ಡಬ್ಬಿ ಐದಾರು ದಿನಕ್ಕಿಂತ ಹೆಚ್ಚು ಬರುವುದಿಲ್ಲ. ಮಿಕ್ಕ ದಿನ ಏನು, ಅವಳ ಬಾಯಿಗೆ ಬೀಗ ಹಾಕಲೇ?

ಏಪ್ರಿಲ್ 1, ಬುಧವಾರ

ಸೂಪರ್ ಮಾರ್ಕೆಟಿನ ಸಹಾಯವಾಣಿಗೆ ಫೋನ್ ಮಾಡಿದೆ. ಪಿಟೀಲು ಕೇಳಿಸಿದರು. ಟೀ ಕುಡಿದೆ, ಪಿಟೀಲು. ಅಕ್ಕನ ತಲೆ ಬಾಚಿದೆ, ಪಿಟೀಲು. ಕೊನೆಗೊಂದು ಹೆಣ್ಣುದನಿ ಬಂತು.

"ಸರ್, ಎಲ್ಲ ಗ್ರಾಹಕರಿಗೂ ಸಿಗಲಿ ಅಂತ ಈ ಮಿತಿ ಹಾಕಿದೀವಿ."

"ಎಲ್ಲ ಗ್ರಾಹಕರಿಗೂ ಗಂಟಲು ಕೆಟ್ಟಿದೆಯೇನಮ್ಮಾ?"

"ಗೊತ್ತಾಗ್ಲಿಲ್ಲ ಸರ್."

"ಇದು ಔಷಧಿ ತಾಯಿ. ನಿಮ್ಮವರು ಇದನ್ನ ಮೈದಾಹಿಟ್ಟು, ಕಾರ್ನ್‌ಫ್ಲೋರ್ ಸಾಲಲ್ಲಿ ಇಟ್ಟಿದಾರೆ. ಮನೇಲಿ ಕೂತು ಬೇಜಾರಾದೋರೆಲ್ಲ ಕೇಕ್ ಮಾಡೋಕೆ ಹೊರಟಿದಾರೆ, ಆ ಸಾಲಿಗೆಲ್ಲ ನೀವು ಮಿತಿ ಹಾಕಿದೀರಿ. ಅವರ ಕೇಕಿಗೆ ನನ್ನ ಅಕ್ಕ ಯಾಕೆ ಬಾಯಾರಬೇಕು?"

"ದಾಖಲಿಸ್ಕೊಂಡಿದೀನಿ ಸರ್."

ದಾಖಲಿಸಿಕೊಂಡಳಂತೆ. ನಲವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನರನ್ನು ಹತ್ತಿಸಿ, ಒಬ್ಬರ ಕಾಲೂ ತುಳಿಯದ ಹಾಗೆ ಕೊನೆಯ ಸ್ಟಾಪಿಗೆ ಮುಟ್ಟಿಸಿದವನು ನಾನು. ಬೋರ್ಡಿನ ಮೇಲೆ ಬರೆದ ಸಂಖ್ಯೆಗೆ ಅಂದೂ ಹೆದರಲಿಲ್ಲ, ಇಂದೂ ಹೆದರುವುದಿಲ್ಲ.

ಏಪ್ರಿಲ್ 4, ಶನಿವಾರ

ಅಕ್ಕನ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದೆ. 'ಈ ವಿಳಾಸಕ್ಕೆ ಈಗಾಗಲೇ ಒಂದು ಖಾತೆ ಇದೆ' ಎಂದಿತು. ಸರಿ, ವಿಳಾಸದ ಮುಂದೆ 'ಹಿಂಬಾಗಿಲು' ಎಂದು ಸೇರಿಸಿದೆ. ತೆಪ್ಪಗೆ ಒಪ್ಪಿಕೊಂಡಿತು. ಎರಡು ಆರ್ಡರ್, ಎರಡು ಡಬ್ಬಿ. ನಮ್ಮದು ಮೊದಲನೇ ಮಹಡಿ, ಹಿಂಬಾಗಿಲು ಎಲ್ಲಿಂದ ಬರಬೇಕು ಎಂದು ಅದಕ್ಕೆ ಹೊಳೆಯಲಿಲ್ಲ.

ಅಕ್ಕನಿಗೆ ಹೇಳಿದೆ. "ಹಿಂಬಾಗಿಲಿಂದ ಬಂದ್ರೆ... ಎಲ್ಲಿಗೆ ಬೀಳ್ತಾರೆ?" ಎಂದು ಕೇಳಿ ತಾನೇ ನಕ್ಕಳು. ಬಾಯಿಯ ಒಂದು ಕಡೆ ಮಾತ್ರ ನಗುತ್ತದೆ. ಸಾಕು, ಅಷ್ಟೇ ಸಾಕು.

ಏಪ್ರಿಲ್ 6, ಸೋಮವಾರ

ಬಂದದ್ದು ಒಂದೇ. ಹಿಂಬಾಗಿಲಿನ ಆರ್ಡರ್ ರದ್ದಾಗಿದೆ. 'ನಿಯಮ ಉಲ್ಲಂಘನೆ ಕಂಡುಬಂದಿದ್ದು' ಎಂದು ನನಗೇ ಎಚ್ಚರಿಕೆ ಕೊಟ್ಟಿದ್ದಾರೆ. ಪಿತ್ತ ನೆತ್ತಿಗೇರಿತು.

ನಾಯಿ ಸಾಕಿರುವ ಪಕ್ಕದ ಮನೆ ನಾಯಿಯಮ್ಮ ಬಾಗಿಲಲ್ಲಿ ನಿಂತು, "ಏನಾದ್ರೂ ಬೇಕಿತ್ತಾ ಅಣ್ಣಾ? ಕಟ್ಟಡದ ವಾಟ್ಸಾಪ್ ಗುಂಪಲ್ಲಿ ಹಾಕಿದ್ರೆ ಯಾರಾದ್ರೂ..." ಅಂದಳು. ಏನೂ ಬೇಡ ಅಂದೆ. ಆ ಗುಂಪಿನಿಂದ ನಾನು ಹೊರಬಂದು ವರ್ಷವಾಯಿತು. ಮೂರನೇ ಮಹಡಿಯ ಗಡ್ಡದವನು ಮೆಟ್ಟಿಲ ಮೇಲೆ ಸೈಕಲ್ ನಿಲ್ಲಿಸುತ್ತಾನೆ ಎಂದು ಜಗಳವಾಗಿತ್ತು, ಒಬ್ಬರೂ ನನ್ನ ಪರ ಮಾತಾಡಲಿಲ್ಲ. ಅಂಥವರ ಮುಂದೆ ಕೈ ಚಾಚುವುದೇ? ಜನರಿಂದ ಕಾಸು ವಸೂಲಿ ಮಾಡಿ ಬದುಕಿದವನು ನಾನು, ಬೇಡಿ ಅಲ್ಲ.

ನನಗೂ ತಲೆ ಇದೆ. ಬಂದ ಡಬ್ಬಿಯನ್ನು ಹೇಗೆ ಎಳೆಯಬೇಕು ಎಂದು ಕುಳಿತು ಯೋಚಿಸಿದೆ. ಬೆಳಿಗ್ಗೆ ಟೀ, ಹತ್ತಕ್ಕೆ ನೀರು, ಮಧ್ಯಾಹ್ನ ನೀರು, ಸಂಜೆ ಹಾಲು. ದಿನಕ್ಕೆ ನಾಲ್ಕು ಲೋಟ. ಮಧ್ಯೆ ಮಧ್ಯೆ ಕುಡಿಯುವುದು ಬಂದ್. ಮುಂದಿನ ವಾರ ಡಬ್ಬಿ ತಡವಾದರೂ ಕೈಯಲ್ಲಿ ಸ್ವಲ್ಪ ಉಳಿದಿರುತ್ತದೆ. ಅಂಗಡಿಯವನ ಕೈಯಲ್ಲಿ ನಮ್ಮ ಜುಟ್ಟು ಇರಬಾರದು, ಅಷ್ಟೇ.

ಏಪ್ರಿಲ್ 9, ಗುರುವಾರ

ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ. ಡಬ್ಬಿಯನ್ನು ಮೇಲಿನ ಕಪಾಟಿಗೆ ಏರಿಸಿದ್ದೇನೆ. ಅಕ್ಕ ಎಡಗೈಯಿಂದ ತಾನೇ ಬೆರೆಸಿಕೊಳ್ಳಲು ಹೋಗಿ ಒಂದು ಚಮಚ ಚೆಲ್ಲಿದ್ದಳು. ಒಂದು ಚಮಚ ಅಂದರೆ ಅರ್ಧ ಲೋಟ.

ಮೂರು ಗಂಟೆಗೆ ನೀರು ಕೇಳಿದಳು. "ಸಂಜೆ ಹಾಲಿದೆಯಲ್ಲ," ಅಂದೆ. "ಹಾಲು... ನೀರಲ್ಲ," ಅಂದಳು. ಎಲ್ಲಕ್ಕೂ ಹೊತ್ತು ಗೊತ್ತು ಇದೆ ಅಕ್ಕಾ ಅಂದೆ. ಗೋಡೆಯ ಕಡೆ ತಿರುಗಿ ಮಲಗಿದಳು. ಅರ್ಥ ಮಾಡಿಕೊಳ್ಳುತ್ತಾಳೆ, ಪಾಪ.

ಏಪ್ರಿಲ್ 13, ಸೋಮವಾರ

ಇವತ್ತು ನನ್ನ ಬಾಯಲ್ಲಿ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಆರ್ಡರ್ ಬಂತು. ಬ್ರೆಡ್ಡು, ಮೊಟ್ಟೆ, ಸೋಪು. ಮಂದಪುಡಿಯ ಜಾಗದಲ್ಲಿ ಕಾರ್ನ್‌ಫ್ಲೋರ್, ಒಂದಲ್ಲ, ಎರಡು ಪ್ಯಾಕೆಟ್. ಮೇಲೊಂದು ಚೀಟಿ ಅಂಟಿಸಿದ್ದಾರೆ: 'ನೀವು ಕೇಳಿದ ವಸ್ತು ಲಭ್ಯವಿಲ್ಲದ ಕಾರಣ ಅದೇ ಬಗೆಯ ಬದಲಿ ವಸ್ತು ಕಳಿಸಿದ್ದೇವೆ. ಅನಾನುಕೂಲಕ್ಕೆ ಪರಿಹಾರವಾಗಿ ಒಂದು ಪ್ಯಾಕೆಟ್ ಉಚಿತ.' ಒಂದೇ ಸಾಲಿನಲ್ಲಿ ಇಟ್ಟ ಮಾತ್ರಕ್ಕೆ ಅದೇ ಬಗೆಯದಾಗುತ್ತದೆಯೇ? ಹಾಗಾದರೆ ಬಸ್ಸಲ್ಲಿ ಒಂದೇ ಸೀಟಿನ ಮೇಲೆ ಕೂತವರೆಲ್ಲ ಅಣ್ಣತಮ್ಮಂದಿರು.

ಆಸ್ಪತ್ರೆಯ ಗಂಟಲು ಟೀಚರಿಗೆ ಫೋನ್ ಮಾಡಿದೆ. ನುಂಗುವುದನ್ನು ಕಲಿಸುವ ಹುಡುಗಿ ಅವಳು, ಅಕ್ಕನೇ ಇಟ್ಟ ಹೆಸರು. ಕಾರ್ನ್‌ಫ್ಲೋರ್ ಕಾಯಿಸಿ ಕೊಡಬಹುದಾ ಎಂದು ಕೇಳಿದೆ. "ಬೇಡವೇ ಬೇಡ. ಬಾಯಲ್ಲಿ ಎಂಜಲು ಸೇರಿದ ಕೂಡ್ಲೇ ಅದು ಮತ್ತೆ ನೀರಾಗುತ್ತೆ. ನೇರ ಶ್ವಾಸಕೋಶಕ್ಕೆ ಹೋಗುತ್ತೆ," ಅಂದಳು. ಅವರ ಹತ್ತಿರ ಇರುವ ಪುಡಿ ಒಳಗೆ ಸೇರಿಸಿಕೊಂಡ ರೋಗಿಗಳಿಗೆ ಮಾತ್ರವಂತೆ. ಅಕ್ಕನನ್ನು ಸೇರಿಸಿದರೆ ನಾನು ಗೇಟಿನ ಹೊರಗೇ ಉಳಿಯಬೇಕು. ಈಗ ಒಳಗೆ ಹೋದವರ ಮುಖ ನೋಡಲೂ ಬಿಡುವುದಿಲ್ಲ. ನೋಡದೆಯೇ ಕಳಿಸಿಕೊಟ್ಟವರ ಕಥೆ ದಿನಾ ಕೇಳುತ್ತಿದ್ದೇವೆ. ಅಕ್ಕನನ್ನು ನಾನು ಹಾಗೆ ಕಳಿಸುವುದಿಲ್ಲ. ಆಗದ ಮಾತು.

ಇನ್ನು ಮೇಲೆ ಮೂರು ಲೋಟ.

ಏಪ್ರಿಲ್ 14, ಮಂಗಳವಾರ

ಮೂರು ಲೋಟ. ಕೊನೆಯದನ್ನು ಅರ್ಧಕ್ಕೇ ಬಿಟ್ಟಳು. ಪುಡಿ ದಂಡ ಮಾಡಬೇಡ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಹಠ ಇವಳಿಗೆ, ಚಿಕ್ಕಂದಿನಿಂದಲೂ.

ಏಪ್ರಿಲ್ 15, ಬುಧವಾರ

ಮೂರು. ಮಲಗಿದವಳು ಏಳುತ್ತಲೇ ಇಲ್ಲ. ಸಂಜೆ ಎದ್ದು, ಅಂಗಡಿ ಬಾಗಿಲು ಹಾಕಿದೆಯಾ, ಇಸ್ತ್ರಿ ಆರಿಸಿದೆಯಾ ಅಂದಳು. ಅವಳ ಹೊಲಿಗೆ ಅಂಗಡಿ ಮುಚ್ಚಿ ಯಾವ ಕಾಲವಾಯಿತು. ಹಾಕಿದೆ ಅಂದೆ.

ಏಪ್ರಿಲ್ 16, ಗುರುವಾರ

ಗಂಟಲು ಟೀಚರ್ ವಿಡಿಯೊ ಕರೆ ಮಾಡಿದಳು. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಅಕ್ಕನ ಮುಂದಿಟ್ಟೆ. ನಾಲಿಗೆ ತೋರಿಸಿ ಅಂದಳು. ಅಕ್ಕ ತೋರಿಸಿದಳು. ಹುಡುಗಿಯ ಮುಖ ಗಂಭೀರವಾಯಿತು.

"ನಾಲಿಗೆ ಪೂರ್ತಿ ಒಣಗಿದೆ. ದಿನಕ್ಕೆ ಎಷ್ಟು ಕುಡೀತಾರೆ?"

"ಬೇಕಾದಷ್ಟು," ಅಂದೆ.

ಅಕ್ಕ ಎಡಗೈ ಎತ್ತಿ ಮೂರು ಬೆರಳು ತೋರಿಸಿದಳು. ಕ್ಯಾಮೆರಾಕ್ಕೆ ಚೆನ್ನಾಗಿ ಕಾಣಲಿ ಎಂದು ಮುಂದಕ್ಕೂ ಬಗ್ಗಿದಳು.

"ಮೂರು ಲೋಟಾನಾ? ಸರ್, ಇದು ಹೀಗೇ ಆದ್ರೆ ನಾಡಿದ್ದು ನಾನೇ ಆಂಬುಲೆನ್ಸ್ ಕಳಿಸಬೇಕಾಗುತ್ತೆ. ಅವರಿಗೆ ಎಂಟು ಲೋಟ ಬೇಕು. ಗೊಂದಲದಲ್ಲಿ ಏನಾದ್ರೂ ಮಾತಾಡ್ತಿದಾರಾ?"

ನಾನು ಸಿಡಿದೆ. ಏನಮ್ಮಾ ಮಾಡಲಿ ನಾನು, ಆ ಅಂಗಡಿಯವನು ಒಂದೇ ಡಬ್ಬಿ ಅಂತಾನೆ, ಕೇಳಿದ್ರೆ ಹಿಟ್ಟು ಕಳಿಸ್ತಾನೆ, ಬಾಯಾರಿದವರಿಗೆ ಅಳೆದು ಕೊಡೋನು ಮನುಷ್ಯನೇ ಅಲ್ಲ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಆಗ ಅಕ್ಕ ಮಾತಾಡಿದಳು. ಒಂದೊಂದೇ ಶಬ್ದ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಉಸಿರು.

"ಅವನು ನಿನಗೆ... ಒಂದು ಡಬ್ಬಿ ಅಂದ. ನೀನು ನನಗೆ... ಮೂರು ಲೋಟ ಅಂದೆ. ಅವನಾದ್ರೂ... ಕಪಾಟಲ್ಲಿ ಇಟ್ಟಿಲ್ಲ."

ಏನು ಮಾತು ಇದು? ಯಾರಿಗಾಗಿ ಇಷ್ಟೆಲ್ಲ ಒದ್ದಾಡುತ್ತಿದ್ದೇನೆ? ಅವನೂ ನಾನೂ ಒಂದೇ ಆದೆವೇ? ಅಡುಗೆಮನೆಗೆ ಹೋಗಿ ಪಾತ್ರೆ ದಡಬಡ ಮಾಡಿದೆ. ಅವಳ ಬಿರಿದ ತುಟಿ ಕಣ್ಣಿಗೆ ಕಟ್ಟಿದ ಹಾಗಿತ್ತು. ದಿನಾ ಬೆಳಿಗ್ಗೆ ಆ ಮುಖ ಒರೆಸುವವನು ನಾನೇ, ಆದರೂ ಇವತ್ತೇ ಕಂಡಿತು.

ಕಪಾಟಿನಿಂದ ಡಬ್ಬಿ ಇಳಿಸಿ ಊಟದ ಮೇಜಿನ ಮೇಲಿಟ್ಟೆ. ತಳದಲ್ಲಿ ಎಷ್ಟಿದೆ ಎಂದು ನೋಡಲಿಲ್ಲ. ಕೂತಲ್ಲೇ ಅವಳು ಎರಡು ಲೋಟ ಕುಡಿದಳು. ಮತ್ತೆ ಬೇಕಾ ಅಂದೆ. ಹೂಂ ಅಂದಳು.

ಏಪ್ರಿಲ್ 17, ಶುಕ್ರವಾರ

ಬೆಳಿಗ್ಗೆ ಟೀ ಬೆರೆಸಿದಾಗ ಡಬ್ಬಿಯ ತಳ ಕಂಡಿತು. ಇನ್ನು ಒಂದು ಲೋಟಕ್ಕಾಗುವಷ್ಟು. ಸೋಮವಾರದ ತನಕ ಹೊಸದು ಬರುವುದಿಲ್ಲ, ಸೋಮವಾರವೂ ಹಿಟ್ಟೇ ಬರಬಹುದು. ಬಾಲ್ಕನಿಯಲ್ಲಿ ನಿಂತು ಏನು ಮಾಡಲಿ ಎಂದು ಕೈ ಹಿಸುಕಿಕೊಳ್ಳುತ್ತಿದ್ದೆ. ಮೇಲಿನಿಂದ ಗಡ್ಡದವನ ದನಿ. ಎದುರು ಕಟ್ಟಡದವರ ಜೊತೆ ಕೂಗಿ ಕೂಗಿ ಹರಟೆ.

"ಕೇಕ್ ಅಲ್ಲ ಮಾರಾಯ್ರೇ, ಟೈರು! ಕಾರ್ನ್‌ಫ್ಲೋರ್ ಕೇಳಿದ್ರೆ ಇಲ್ಲ ಅಂತ ಬದಲಿಗೆ ಏನೋ ನೀಲಿ ಡಬ್ಬಿ ಕಳಿಸಿದಾರೆ. ಉಳಿದದ್ದನ್ನ ಸೂಪಿಗೆ ಹಾಕಿದೆ, ಚಮಚ ನಿಂತುಕೊಳ್ತು. ಎರಡು ವಾರದಿಂದ ಅದೇ ಕಳಿಸ್ತಿದಾರೆ."

"ನಮಗೂ ಬಂದಿದೆ ಕಣ್ರೀ," ಎಂದಿತು ಎದುರು ಬಾಲ್ಕನಿ. "ಬಚ್ಚಲಲ್ಲಿ ಸುರಿದೆವು, ಬಚ್ಚಲೇ ಕಟ್ಟಿಕೊಳ್ತು."

ನನಗೆ ನಗು ಬಂತು. ಮಂದಪುಡಿ ಕೇಳಿದ ನನಗೆ ಕಾರ್ನ್‌ಫ್ಲೋರ್. ಕಾರ್ನ್‌ಫ್ಲೋರ್ ಕೇಳಿದ ಊರಿಗೆಲ್ಲ ಮಂದಪುಡಿ. ನನ್ನ ಅಕ್ಕನ ನೀರು ಮೂರನೇ ಮಹಡಿಯಲ್ಲಿ ಟೈರಾಗಿ ಕೂತಿದೆ.

ಕೇಳಬೇಕು. ಹೋಗಿ ಬಾಗಿಲು ತಟ್ಟಿ, ದಯವಿಟ್ಟು ಎನ್ನಬೇಕು. ಸ್ವಲ್ಪ ಹೊತ್ತು ಬಾಗಿಲ ಚಿಲಕ ಹಿಡಿದು ನಿಂತೆ. ಆಮೇಲೆ ಟ್ರಂಕಿನಿಂದ ನನ್ನ ಕಂಡಕ್ಟರ್ ಸೀಟಿ, ಹಳೇ ಚರ್ಮದ ಚೀಲ ತೆಗೆದೆ, ಚೀಲ ಹೆಗಲಿಗೇರಿಸಿದೆ, ಎರಡೂ ಕಾರ್ನ್‌ಫ್ಲೋರ್ ಪ್ಯಾಕೆಟ್ ಅದರೊಳಗೆ ಹಾಕಿದೆ, ಮೂಗು ಬಾಯಿ ಬಟ್ಟೆಯಲ್ಲಿ ಕಟ್ಟಿಕೊಂಡೆ. ಮೆಟ್ಟಿಲ ಬುಡದಲ್ಲಿ ನಿಂತು, ಬಟ್ಟೆ ಸರಿಸಿ, ಕಟ್ಟಡ ಹಾರಿಹೋಗುವ ಹಾಗೆ ಎರಡು ಸಲ ಸೀಟಿ ಊದಿದೆ.

ಬಾಗಿಲುಗಳೆಲ್ಲ ತೆರೆದವು. ನಾಯಿ ಬೊಗಳಿತು.

"ಚೆಕಿಂಗ್," ಅಂದೆ. "ಎಲ್ಲರೂ ಬಾಗಿಲಲ್ಲೇ ನಿಲ್ಲಿ, ಯಾರೂ ಹತ್ತಿರ ಬರಬೇಡಿ. ನೀಲಿ ಡಬ್ಬಿ ಯಾರ್ಯಾರ ಹತ್ರ ಇದೆ, ತಂದು ಹೊಸ್ತಿಲ ಮೇಲೆ ಇಡಿ. ಅರ್ಧ ಇರಲಿ, ಕಾಲು ಇರಲಿ. ಅದು ಹಿಟ್ಟಲ್ಲ, ಔಷಧಿ. ನನ್ನ ಅಕ್ಕ ಅದಿಲ್ಲದೆ ಒಂದು ಗುಟುಕು ನೀರು ಕುಡಿಯೋ ಹಾಗಿಲ್ಲ. ಇವತ್ತು ಮಧ್ಯಾಹ್ನಕ್ಕೆ ನಮ್ಮ ಮನೇಲಿ ಮುಗಿಯುತ್ತೆ."

ಕೊನೆಯ ಮಾತಿಗೆ ದನಿ ಕೈಕೊಟ್ಟಿತು. ಸೀಟಿ ಊದಿ ಗಂಟಲು ಒಣಗಿತ್ತು.

ಮೊದಲು ನಾಯಿಯಮ್ಮ ಒಳಗೆ ಓಡಿದಳು. ಬಂದದ್ದು ಒಡೆಯದ ಡಬ್ಬಿ. ಆಮೇಲೆ ನೆಲಮಹಡಿ, ಆಮೇಲೆ ಎರಡನೆಯದು. ಗಡ್ಡದವನು ಎರಡು ಡಬ್ಬಿ ಇಟ್ಟು ಗೋಡೆಗೆ ಅಂಟಿ ನಿಂತ.

"ಒಂದು ಮಾತು ಕೇಳಿದ್ರೆ ಅವತ್ತೇ ಕೊಡ್ತಿದ್ದೆ ಅಲ್ವಾ ಅಂಕಲ್."

"ನಾನು ಕೇಳ್ತಿಲ್ಲ. ವಸೂಲಿ ಮಾಡ್ತಿದೀನಿ," ಅಂದೆ. ಚೀಲದಿಂದ ಒಂದು ಪ್ಯಾಕೆಟ್ ಕಾರ್ನ್‌ಫ್ಲೋರ್ ತೆಗೆದು ಅವನ ಹೊಸ್ತಿಲ ಮೇಲಿಟ್ಟೆ. "ತಗೋ. ಈ ಸಲ ಆದ್ರೂ ತಿನ್ನೋ ಹಾಗೆ ಮಾಡು."

ಇಳಿಯುವಾಗ ಅವನ ಸೈಕಲ್ ತಾಗಿತು. ಏನೂ ಅನ್ನಲಿಲ್ಲ. ಗಡ್ಡದವನು ಬಾಲ್ಕನಿಯಿಂದ ಕೂಗಿ ಹೇಳಿದ್ದಕ್ಕೆ ಎದುರು ಕಟ್ಟಡದವರು ಹಗ್ಗಕ್ಕೆ ಚೀಲ ಕಟ್ಟಿ ಇನ್ನೂ ನಾಲ್ಕು ಇಳಿಸಿದರು. ಎಲ್ಲವನ್ನೂ ಸೋಪುನೀರಲ್ಲಿ ಒರೆಸಿ ಮೇಜಿನ ಮೇಲೆ ಜೋಡಿಸಿದೆ. ಅಕ್ಕ ಒಂದೊಂದನ್ನೇ ಎಡಗೈಯಲ್ಲಿ ಮುಟ್ಟಿ ನೋಡಿದಳು. ನಾನು ಅತ್ತೆ. ಅವಳು ನೋಡಿದಳು, ನೋಡಲಿ.

ಏಪ್ರಿಲ್ 19, ಭಾನುವಾರ

ಅಕ್ಕನ ತಲೆ ತಿಳಿಯಾಗಿದೆ. ಬೆಳಿಗ್ಗೆ ನನ್ನ ಅಂಗಿ ನೋಡಿ, ಗುಂಡಿ ಮೇಲೆ ಕೆಳಗೆ ಹಾಕಿದೀಯ ಎಂದಳು. ಆಂಬುಲೆನ್ಸ್ ಬೇಡ ಎಂದು ಗಂಟಲು ಟೀಚರ್ ಹೇಳಿದಳು. ಗಡ್ಡದವನು ನನ್ನನ್ನು ಮತ್ತೆ ಆ ಗುಂಪಿಗೆ ಸೇರಿಸಿದ್ದಾನೆ. ಅವನ ಹೊಸ ಕೇಕಿನ ಚಿತ್ರ ಬಂತು. ಉಬ್ಬಿಲ್ಲ. ಹಾಗೆಂದು ಬರೆದೆ.

ಏಪ್ರಿಲ್ 22, ಬುಧವಾರ

ಮಧ್ಯಾಹ್ನ ಕೆಳಗಿನ ಗೇಟಿನ ಹತ್ತಿರ ಒಬ್ಬಳು ಹೆಂಗಸು ನಿಂತಿದ್ದಳು. ಹಿಂದಿನ ಬೀದಿಯವಳು. ಕಟ್ಟಡದಲ್ಲಿ ಯಾರೋ ಪುಡಿ ಕೂಡಿಹಾಕಿದ್ದಾರೆ ಎಂಬ ಸುದ್ದಿ ಅವಳ ಕಿವಿಗೂ ಬಿದ್ದಿದೆ. ನಾನು ಬಾಲ್ಕನಿಯಿಂದ ಬಗ್ಗಿದೆ. ಅಕ್ಕನ ಕುರ್ಚಿಯೂ ಅಲ್ಲೇ ಇತ್ತು, ಬಿಸಿಲಿಗೆ.

"ನಮ್ಮ ಮಾವನಿಗೂ ಇದೇ ಕಾಯಿಲೆ ಸರ್. ಒಂದೇ ಒಂದು ಡಬ್ಬಿ ಕೊಟ್ರೆ ಸಾಕು. ನಾನು ಹೇಗೋ ಎಳೆದುಕೊಂಡು ಹೋಗ್ತೀನಿ."

"ಹೇಗೆ ಎಳೀತೀರಿ? ದಿನಕ್ಕೆ ಎಷ್ಟು ಲೋಟ ಕುಡೀತಾರೆ?"

ಅವಳು ತಲೆ ತಗ್ಗಿಸಿದಳು. "ಮೂರಕ್ಕೆ ನಿಲ್ಲಿಸಿದೀನಿ ಸರ್. ಕೇಳ್ತಾರೆ. ಆಮೇಲೆ ಕೊಡ್ತೀನಿ ಅಂತೀನಿ."

ನನ್ನ ರಕ್ತ ಕುದಿಯಿತು. "ಮೂರಾ? ಮೂರು ಲೋಟ ನೀರಲ್ಲಿ ಮನುಷ್ಯ ಬದುಕ್ತಾನೇನಮ್ಮಾ? ನಾಲಿಗೆ ನೋಡಿದೀರಾ ಅವರದ್ದು? ಬಾಯಾರಿದೆ ಅಂದವರಿಗೆ ನಿಲ್ಲಿಸೋಕೆ ನೀವ್ಯಾರು?"

ಪಕ್ಕದಲ್ಲಿ ಏನೋ ಸದ್ದಾಯಿತು. ತಿರುಗಿದರೆ ಅಕ್ಕ. ಹೊಟ್ಟೆ ಹಿಡಿದುಕೊಂಡು, ಭುಜ ಕುಣಿಸಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಏನಾಯಿತೇ ಅಂದರೆ ನನ್ನ ಕಡೆ ಬೆರಳು ಮಾಡುತ್ತಾಳೆ, ಮತ್ತೆ ನಗುತ್ತಾಳೆ. ನಗುವಂಥದ್ದು ನಾನೇನು ಹೇಳಿದೆನೋ ತಿಳಿಯದು.

ಚೀಲಕ್ಕೆ ಡಬ್ಬಿ ತುಂಬಿದೆ. ನಮ್ಮ ಮೇಜಿನ ಅರ್ಧ ಖಾಲಿಯಾಯಿತು. ಹಗ್ಗ ಕಟ್ಟಿ ಇಳಿಸಿದೆ. ಅವಳು ಚೀಲದೊಳಗೆ ನೋಡಿ, ಇಷ್ಟೊಂದಾ ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ಅಳತೊಡಗಿದಳು.

"ಇಲ್ಲಿ ನಿಂತು ಅಳಬೇಡಿ," ಅಂದೆ. "ಹೋಗಿ, ಮೊದಲು ಅವರಿಗೆ ನೀರು ಕೊಡಿ. ಕೇಳಿದಷ್ಟು ಕೊಡಿ. ಮುಗಿದ್ರೆ ಬನ್ನಿ, ಇಬ್ಬರೂ ಸೇರಿ ಮುಂದಿನ ಬೀದಿ ಚೆಕಿಂಗ್ ಮಾಡೋಣ."

ಅವಳು ಹೋದ ಮೇಲೆ ಅಕ್ಕನ ಸಂಜೆಯ ಲೋಟ ಬೆರೆಸಿದೆ. ಅವಳು ಮೇಜನ್ನೇ ನೋಡುತ್ತಿದ್ದಳು. ನಗು ಅಡಗಿತ್ತು.

"ನನಗೆ... ಇವತ್ತು ಅರ್ಧ ಸಾಕು. ಇರೋದು... ಕಮ್ಮಿ ಆಯ್ತಲ್ಲ."

"ಯಾರು ಹೇಳಿದ್ದು ಅರ್ಧ ಅಂತ?" ನಾನು ಲೋಟ ಅವಳ ಎಡಗೈಗೆ ಕೊಟ್ಟು, ಬೆರಳು ಬಿಗಿಯಾಗುವ ತನಕ ಹಿಡಿದುಕೊಂಡೆ. "ಲೆಕ್ಕ ನಿನಗ್ಯಾಕೆ? ಕುಡಿ."

ತಳದ ತನಕ ಕುಡಿದಳು.